ಸಾರೋನ್‌ನಲ್ಲಿ 4ನೇ ಪಟ್ಟಿ ಇಲ್ಲ, ಶ್ರುತಿಯೂ ಕೂಡುತ್ತಿಲ್ಲ. ನಾನು ಮೋಸ ಹೋದೆನಾ?

ಮೃದಂಗಪ್ರಿಯ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮನೆಯವರ ಜೊತೆ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿರುವ ಯೋಗ್ಯಕರ್ತಕ್ಕೆ ಹೋಗಿದ್ದೆ. ಬೊರೊಬುದುರ್ ಸ್ತೂಪ, ಪ್ರಂಬಾನನ್ ದೇವಸ್ಥಾನ ನೋಡಬೇಕು ಅಂತ ಹೊರಟಿದ್ದು. ಆದರೆ ಒಂದು ಬೆಳಿಗ್ಗೆ ಅಲ್ಲಿಯ ಅರಮನೆಯಲ್ಲಿ ಗಮೆಲಾನ್ ಅನ್ನುವ ವಾದ್ಯಮೇಳ ಕೇಳಿದೆ ನೋಡಿ, ಆಮೇಲೆ ಬೇರೆ ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ. ಇಪ್ಪತ್ತು ಜನ ನೆಲದ ಮೇಲೆ ಕೂತಿದ್ದರು. ಕೆಲವರ ಮುಂದೆ ಕಂಚಿನ ಪಟ್ಟಿಗಳು, ಕೆಲವರ ಮುಂದೆ ಬೋರಲು ಹಾಕಿದ ಪಾತ್ರೆಯಂಥ ಗಂಟೆಗಳ ಸಾಲು, ಹಿಂದೆ ಮನುಷ್ಯನ ಎದೆಮಟ್ಟಕ್ಕೆ ತೂಗಾಡುವ ದೊಡ್ಡ ಗಾಂಗ್. ಯಾರೂ ಕೈಸನ್ನೆ ಮಾಡುತ್ತಿರಲಿಲ್ಲ. ಆದರೂ ಎಲ್ಲರೂ ಒಟ್ಟಿಗೆ ನಿಧಾನ ಆಗುತ್ತಿದ್ದರು, ಒಟ್ಟಿಗೆ ವೇಗ ಹಿಡಿಯುತ್ತಿದ್ದರು. ಹದಿನೈದು ವರ್ಷದಿಂದ ಮೃದಂಗ ನುಡಿಸುತ್ತಿದ್ದೇನೆ. ಇಷ್ಟು ಜನ ಹೀಗೆ ಒಂದೇ ಉಸಿರಿನಲ್ಲಿ ನುಡಿಸಿದ್ದನ್ನು ನಾನು ಕೇಳಿರಲಿಲ್ಲ.

ಈಗ ಸಮಸ್ಯೆ. ಬರುವಾಗ ಒಂದು ಅಂಗಡಿಯಲ್ಲಿ ಚಿಕ್ಕ ಸಾರೋನ್ ಕೊಂಡೆ. ಮರದ ದೋಣಿಯಂಥ ಪೆಟ್ಟಿಗೆಯ ಮೇಲೆ ಆರು ಲೋಹದ ಪಟ್ಟಿ, ಬಡಿಯಲು ಒಂದು ಮರದ ಸುತ್ತಿಗೆ. ಪಟ್ಟಿಗಳ ಮೇಲೆ ಅಂಕಿ ಕೊರೆದಿದ್ದಾರೆ: 1, 2, 3, 5, 6, ಮತ್ತೆ 1. ನಾಲ್ಕು ಇಲ್ಲ! ಮನೆಗೆ ಬಂದು ಶ್ರುತಿಪೆಟ್ಟಿಗೆ ಹಾಕಿ ನೋಡಿದರೆ ಯಾವ ಶ್ರುತಿಗೂ ಕೂಡುವುದಿಲ್ಲ. ಒಂದು ಪಟ್ಟಿ ಸರಿ ಮಾಡಿಕೊಂಡರೆ ಉಳಿದವು ಜಾರುತ್ತವೆ. ಅತ್ತಿಗೆ ಹಾಡುವವರು. ಕೇಳಿದ ಕೂಡಲೇ, "ಅಪಸ್ವರ ಕಣೋ, ಮಕ್ಕಳ ಆಟದ ಸಾಮಾನು ಕೊಟ್ಟು ಕಳಿಸಿದ್ದಾರೆ" ಅಂದರು. ನಿಜವಾಗಿಯೂ ಮೋಸ ಹೋದೆನಾ? ತಿಳಿದವರು ಹೇಳಿ.

ಚಿಕ್ಕಿ

ನಾಲ್ಕನೇ ಪಟ್ಟಿ ಬ್ಯಾಗಿನಲ್ಲಿ ಬಿದ್ದಿದೆಯಾ ಒಮ್ಮೆ ನೋಡಿ.

ಬಂಡುಂಗ್ ಕನ್ನಡತಿ

ಇಲ್ಲ, ಬಿದ್ದಿಲ್ಲ. ನಾಲ್ಕು ಇಲ್ಲದಿರುವುದೇ ಸರಿ.

ನಾನು ಆರು ವರ್ಷದಿಂದ ಇಲ್ಲೇ, ಜಾವಾದ ಬಂಡುಂಗ್ ಊರಿನಲ್ಲಿ ಇದ್ದೇನೆ. ವಾರಕ್ಕೊಮ್ಮೆ ಜಾವಾ ಗಮೆಲಾನ್ ಕಲಿಯಲು ಹೋಗುತ್ತೇನೆ. ಇವರಲ್ಲಿ ಎರಡು ಬಗೆಯ ಸ್ವರಸಾಲು ಇವೆ. ಒಂದು ಸ್ಲೆಂದ್ರೊ, ಐದು ಸ್ವರ. ಇನ್ನೊಂದು ಪೆಲೊಗ್, ಏಳು ಸ್ವರ. ಸುಮಾರು 1900ರ ಹೊತ್ತಿಗೆ ಸುರಕರ್ತದಲ್ಲಿ ಅಂಕಿಯಲ್ಲಿ ಬರೆಯುವ ಪದ್ಧತಿ ಬಂತು. ಪೆಲೊಗ್‌ಗೆ 1ರಿಂದ 7. ಸ್ಲೆಂದ್ರೊಗೆ 1, 2, 3, 5, 6. ನಾಲ್ಕನ್ನು ಬಿಟ್ಟೇ ಬರೆಯುತ್ತಾರೆ. ಕೊನೆಯ 1 ಅಂದರೆ ನಮ್ಮ ತಾರ ಷಡ್ಜದ ಹಾಗೆ ಮೇಲಿನ ಒಂದು. ನಿಮ್ಮ ಕೈಯಲ್ಲಿರುವುದು ಸ್ಲೆಂದ್ರೊ ಸಾರೋನ್.

ಪೂರ್ತಿ ಗಮೆಲಾನ್ ಅಂದರೆ ಎರಡು ಸೆಟ್. ಸ್ಲೆಂದ್ರೊದ್ದು ಒಂದು ಕಡೆ, ಪೆಲೊಗ್‌ದು ಇನ್ನೊಂದು ಕಡೆ. ನುಡಿಸುವವರು ಒಂದಕ್ಕೆ ಮುಖ ಮಾಡಿ ಕೂತಿರುತ್ತಾರೆ, ಬೇಕಾದಾಗ ಪಕ್ಕಕ್ಕೆ ತಿರುಗುತ್ತಾರೆ.

ಶ್ರುತಿಪೆಟ್ಟಿಗೆ

ಐದು ಸ್ವರ ಅಂದಮೇಲೆ ಮೋಹನ ರಾಗ ಅಲ್ವಾ? ಸ ರಿ ಗ ಪ ದ. ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಬಂಡುಂಗ್ ಕನ್ನಡತಿ

ನಾನೂ ಮೊದಲ ತಿಂಗಳು ಹಾಗೇ ಅಂದುಕೊಂಡಿದ್ದೆ. ಮೋಹನ ಅಲ್ಲ ಸರ್. ಮೋಹನದಲ್ಲಿ ಸ್ವರಗಳ ನಡುವಿನ ದೂರ ಒಂದೇ ಸಮ ಇರುವುದಿಲ್ಲ. ಸ, ರಿ, ಗ ಹತ್ತಿರ ಹತ್ತಿರ. ಗ ದಾಟಿ ಪ ಸೇರಲು ದೊಡ್ಡ ಹೆಜ್ಜೆ. ಸ್ಲೆಂದ್ರೊದಲ್ಲಿ ಇಡೀ ಸ್ಥಾಯಿಯನ್ನು ಹೆಚ್ಚು ಕಡಿಮೆ ಐದು ಸಮ ಪಾಲು ಮಾಡುತ್ತಾರೆ. ಹಾಗಾಗಿ ಮೊದಲ ಹೆಜ್ಜೆ ಚತುಶ್ರುತಿ ರಿಷಭಕ್ಕಿಂತ ಮೇಲೆ, ಸಾಧಾರಣ ಗಾಂಧಾರಕ್ಕಿಂತ ಕೆಳಗೆ ಬಂದು ನಿಲ್ಲುತ್ತದೆ. ನಮ್ಮ ಹನ್ನೆರಡು ಸ್ವರಸ್ಥಾನದಲ್ಲಿ ಅದಕ್ಕೆ ಮನೆಯೇ ಇಲ್ಲ. ಅತ್ತಿಗೆಗೆ ಅಪಸ್ವರ ಅನ್ನಿಸಿದ್ದು ಅದಕ್ಕೇ.

ಪೆಲೊಗ್ ಹಾಗಲ್ಲ. ಅಲ್ಲಿ ಚಿಕ್ಕ ಹೆಜ್ಜೆ, ದೊಡ್ಡ ಹೆಜ್ಜೆ ಬೆರೆತಿರುತ್ತವೆ. ಬಾಲಿಯ ಐದು ಸ್ವರದ ಪೆಲೊಗ್ ಕೇಳಿದ ಕರ್ನಾಟಕ ಸಂಗೀತದವರಿಗೆ ಭೂಪಾಲ ರಾಗದ ನೆನಪು ಬರುತ್ತದೆ. ಹತ್ತಿರವೇ. ಆದರೆ ಅದೇ ಅಲ್ಲ.

ಮೃದಂಗಪ್ರಿಯ

ಅಕ್ಕ, ತುಂಬಾ ಧನ್ಯವಾದ! ಈಗಲೇ ಮೊಬೈಲಿನಲ್ಲಿ ಶ್ರುತಿ ಅಳೆಯುವ ಆ್ಯಪ್ ಹಾಕಿಕೊಂಡು ನೋಡಿದೆ. ಅರ್ಧ ಸ್ವರ ಅಂದರೆ 100 ಸೆಂಟ್ ಅಂತ ಲೆಕ್ಕ. ನನ್ನ ಪಟ್ಟಿಗಳ ನಡುವೆ ಪ್ರತಿ ಹೆಜ್ಜೆಯೂ 230ರಿಂದ 250ರ ಒಳಗೇ ಬಂತು. ನೀವು ಹೇಳಿದ ಹಾಗೆ ಐದೂ ಹೆಚ್ಚು ಕಡಿಮೆ ಒಂದೇ ಅಳತೆ. ಅತ್ತಿಗೆಗೆ ತೋರಿಸಿದೆ. "ಹೌದಾ?" ಅಂದು ತಾವೇ ಕೂತು ಐದಾರು ಸಲ ಬಾರಿಸಿ ನೋಡಿದರು.

ತಾಮ್ರ ತವರ

ಸ್ವರದ ಮಾತು ಆಯಿತು, ಲೋಹದ ಮಾತೂ ಆಗಲಿ. ನಮ್ಮದು ತಲೆಮಾರುಗಳಿಂದ ಕಂಚಿನ ಪಾತ್ರೆ ಮಾಡುವ ಮನೆ. ಪಟ್ಟಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಬ್ಬಿಣ. ಅಂಟದಿದ್ದರೆ ಕಂಚು ಅಥವಾ ಹಿತ್ತಾಳೆ.

ಜಾವಾದ ಒಳ್ಳೆಯ ಗಮೆಲಾನ್ ಕಂಚಿಗೆ ಹತ್ತು ಪಾಲು ತಾಮ್ರ, ಮೂರು ಪಾಲು ತವರ ಹಾಕುತ್ತಾರೆ. ತವರ ಅಷ್ಟು ಹೆಚ್ಚಾದರೆ ಲೋಹ ತಣ್ಣಗಿದ್ದಾಗ ಗಾಜಿನ ಹಾಗೆ ಒಡೆಯುತ್ತದೆ. ಕೆಂಪಗೆ ಕಾದಾಗ ಮಾತ್ರ ಬಡಿದು ಹಿಗ್ಗಿಸಬಹುದು. ಗಾಂಗ್ ಮಾಡುವಾಗ ಹಲವರು ಸರದಿಯ ಮೇಲೆ ಸುತ್ತಿಗೆ ಹಾಕುತ್ತಾರೆ. ತಣಿಯುವ ಮುಂಚೆ ಏಟು ಮುಗಿಸಬೇಕು, ಮತ್ತೆ ಕುಲುಮೆಗೆ ಹಾಕಬೇಕು, ಮತ್ತೆ ಬಡಿಯಬೇಕು. ಸೋಲೊ, ಅಂದರೆ ಸುರಕರ್ತದ ಪಕ್ಕದ ವಿರುನ್ ಅನ್ನುವ ಊರು ಈ ಕೆಲಸಕ್ಕೇ ಹೆಸರುವಾಸಿ. ಬಾಲಿಯಲ್ಲಿ ಕ್ಲುಂಗ್‌ಕುಂಗ್ ಹತ್ತಿರದ ತಿಹಿಂಗನ್.

ಶ್ರುತಿ ಮಾಡುವುದು ಅರದಿಂದ. ಪಟ್ಟಿಯ ಕೆಳಮೈಯಲ್ಲಿ ನಡುಭಾಗ ಉಜ್ಜಿದರೆ ಸ್ವರ ಇಳಿಯುತ್ತದೆ, ತುದಿ ಉಜ್ಜಿದರೆ ಏರುತ್ತದೆ. ದಯವಿಟ್ಟು ನೀವೇ ಮನೆಯಲ್ಲಿ ಉಜ್ಜಲು ಹೋಗಬೇಡಿ.

ಮೃದಂಗಪ್ರಿಯ

ಅಯಸ್ಕಾಂತ ಅಂಟಿತು ಸರ್. ಕಬ್ಬಿಣ.

ತಾಮ್ರ ತವರ

ಬೇಜಾರು ಬೇಡ. ಕಂಚು ಅಂತ ಹೇಳಿ ಮಾರಿದ್ದರೆ ಮೋಸ. ಬರೀ ಸಾರೋನ್ ಅಂತ ಮಾರಿದ್ದರೆ ಮೋಸ ಅಲ್ಲ. ಕಂಚಿನ ಪೂರ್ತಿ ಸೆಟ್ಟಿಗೆ ಬಹಳ ದುಡ್ಡು ಬೇಕು.

ಬಂಡುಂಗ್ ಕನ್ನಡತಿ

ಹೌದು. ಹಳ್ಳಿಗಳಲ್ಲಿ, ಶಾಲೆಗಳಲ್ಲಿ ಕಬ್ಬಿಣದ ಗಮೆಲಾನ್ ಎಷ್ಟೋ ಇವೆ. ನಾನು ಕಲಿತದ್ದೂ ಕಬ್ಬಿಣದ ಮೇಲೇ. ನಾದ ಬೇಗ ಆರುತ್ತದೆ, ಅಷ್ಟೇ.

ನುಡಿಸುವಾಗ ಒಂದು ವಿಷಯ ನೆನಪಿಡಿ. ಬಲಗೈಯಲ್ಲಿ ಹೊಸ ಪಟ್ಟಿ ಬಾರಿಸುವ ಹೊತ್ತಿಗೇ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಂದಿನ ಪಟ್ಟಿ ಹಿಡಿದು ನಾದ ನಿಲ್ಲಿಸಬೇಕು. ಮುಂಚೆ ಹಿಡಿದರೆ ನಡುವೆ ಖಾಲಿ ಬೀಳುತ್ತದೆ. ತಡವಾದರೆ ಎರಡೂ ಸ್ವರ ಕಲಸುತ್ತವೆ. ನಿಮಗೆ ಅಪಸ್ವರ ಕೇಳಿಸಿದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಇನ್ನೊಂದು, ವಾದ್ಯವನ್ನು ದಾಟಿ ಹೋಗಬೇಡಿ. ಸುತ್ತಿ ಬಳಸಿ ಹೋಗಿ. ಇಲ್ಲಿ ಚಪ್ಪಲಿ ಬಿಟ್ಟೇ ಕೂರುತ್ತಾರೆ. ದೊಡ್ಡ ಗಾಂಗ್‌ಗೆ ಹೂವು, ಧೂಪ ಇಡುವವರೂ ಇದ್ದಾರೆ.

ಕುಂದಾಪುರದವ

ನಮ್ಮ ಯಕ್ಷಗಾನದ ಚೌಕಿಯಲ್ಲಿ ಮದ್ದಳೆ ದಾಟಿದರೆ ಭಾಗವತರು ಬೈಯುತ್ತಾರೆ. ಅದೇ ಪದ್ಧತಿ!

ಶ್ರುತಿಪೆಟ್ಟಿಗೆ

ಒಂದು ಪ್ರಶ್ನೆ. ಒಂದು ಊರಿನ ಸಾರೋನ್ ಇನ್ನೊಂದು ಊರಿನ ಸೆಟ್ಟಿನ ಜೊತೆ ಕೂಡುತ್ತದಾ?

ಬಂಡುಂಗ್ ಕನ್ನಡತಿ

ಕೂಡುವುದಿಲ್ಲ. ಎಲ್ಲಾ ಗಮೆಲಾನ್‌ಗೂ ಒಂದೇ ಶ್ರುತಿ ಅನ್ನುವುದೇ ಇಲ್ಲ. ಪ್ರತಿ ಸೆಟ್ಟಿಗೂ ತನ್ನದೇ ಸ್ವರ. ಅದನ್ನು ಕೊರತೆ ಅಂತ ಯಾರೂ ನೋಡುವುದಿಲ್ಲ, ಅದು ಆ ಸೆಟ್ಟಿನ ಸ್ವಭಾವ. ಹಿರಿಯ ಸೆಟ್ಟುಗಳಿಗೆ "ಕ್ಯಾಯಿ" ಅಂತ ಗೌರವದ ಮಾತು ಸೇರಿಸಿ ಹೆಸರಿಟ್ಟಿರುತ್ತಾರೆ. ಯೋಗ್ಯಕರ್ತ ಅರಮನೆಯ ಒಂದು ಗಮೆಲಾನ್ ಹೆಸರು ಕ್ಯಾಯಿ ಗುಂತುರ್ ಮದು. ಪ್ರವಾದಿ ಜಯಂತಿಯ ಹೊತ್ತಿಗೆ ಸೆಕಾತೆನ್ ಹಬ್ಬದಲ್ಲಿ ಅದನ್ನು ಮಸೀದಿಯ ಅಂಗಳಕ್ಕೆ ತಂದು ನುಡಿಸುತ್ತಾರೆ. ನಾನು ಒಮ್ಮೆ ಕೇಳಿದ್ದೇನೆ. ನಿಂತ ನೆಲ ಕಾಲಿಗೆ ಗುಂಯ್ ಅನ್ನುತ್ತದೆ.

ಬಾಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ವಾದ್ಯಗಳು ಜೋಡಿ ಜೋಡಿ. ಒಂದನ್ನು ಚೂರು ಕೆಳಗೆ, ಇನ್ನೊಂದನ್ನು ಚೂರು ಮೇಲೆ, ಬೇಕಂತಲೇ ಶ್ರುತಿ ಮಾಡುತ್ತಾರೆ. ಎರಡನ್ನೂ ಒಟ್ಟಿಗೆ ಬಡಿದಾಗ ನಾದ ಸೆಕೆಂಡಿಗೆ ಐದರಿಂದ ಎಂಟು ಸಲ ಅಲುಗುತ್ತದೆ. ಅದಕ್ಕೆ "ಓಂಬಕ್" ಅಂತಾರೆ, ಅಲೆ ಅಂತ ಅರ್ಥ. ಎರಡೂ ಒಂದೇ ಶ್ರುತಿಗೆ ಬಂದರೆ ನಾದ ಸತ್ತ ಹಾಗೆ ಅವರಿಗೆ.

ಶ್ರುತಿಪೆಟ್ಟಿಗೆ

ತಂಬೂರಿಯ ಎರಡು ತಂತಿ ಒಂದಾಗುವುದಕ್ಕೆ ನಾವು ಅರ್ಧ ಗಂಟೆ ಒದ್ದಾಡುತ್ತೇವೆ. ಅವರು ಬೇಕಂತ ಬೇರೆ ಮಾಡುತ್ತಾರೆ ಅಂದರೆ ನನಗೆ ಒಪ್ಪಿಕೊಳ್ಳಲು ಕಷ್ಟ. ಆದರೆ ಕೇಳುತ್ತೇನೆ, ಇವತ್ತು ರಾತ್ರಿಯೇ ಕೇಳುತ್ತೇನೆ.

ಕುಂದಾಪುರದವ

ತಾಳದ ಬಗ್ಗೆ ಯಾರೂ ಹೇಳಲಿಲ್ಲ. ನಾನು ನೆಟ್‌ನಲ್ಲಿ ಗಮೆಲಾನ್ ಕೇಳಿ ಲೆಕ್ಕ ಹಾಕಲು ಹೋಗಿ ಎಡವಿದ್ದೇನೆ. ಗಾಂಗ್ ಬಿದ್ದಾಗ ಅದೇ ಮೊದಲ ಪೆಟ್ಟು ಅಂತ ಎಣಿಸಿದರೆ ಎಲ್ಲಾ ಪದಗಳೂ ಒಂದು ಅಕ್ಷರ ಆಚೆ ಈಚೆ ಆಗುತ್ತವೆ. ಯಾಕೆ?

ಬಂಡುಂಗ್ ಕನ್ನಡತಿ

ಗಾಂಗ್ ಇರುವುದು ಕೊನೆಯಲ್ಲಿ! ನಾಲ್ಕು ನಾಲ್ಕು ಸ್ವರದ ಗುಂಪು ಮಾಡುತ್ತಾರೆ, ಪ್ರತಿ ಗುಂಪಿನ ಭಾರ ನಾಲ್ಕನೆಯದರ ಮೇಲೆ. ಸಣ್ಣ ಆವರ್ತ ಲಂಚಾರನ್ ನೋಡಿ. ಹದಿನಾರು ಎಣಿಕೆ. ಕೆತುಕ್ ಅನ್ನುವ ಚಿಕ್ಕ ಗಾಂಗ್ 1, 3, 5 ಹೀಗೆ ಬೆಸ ಎಣಿಕೆಗೆಲ್ಲ. ಕೆನೊಂಗ್ ಅನ್ನುವ ಬೋರಲು ಪಾತ್ರೆಯಂಥ ದೊಡ್ಡ ಗಂಟೆ 4, 8, 12, 16ಕ್ಕೆ. ಕೆಂಪುಲ್ ಅನ್ನುವ ತೂಗುಹಾಕಿದ ಸಣ್ಣ ಗಾಂಗ್ 6, 10, 14ಕ್ಕೆ. ದೊಡ್ಡ ಗಾಂಗ್ 16ಕ್ಕೆ ಒಂದೇ ಸಲ. ಎರಡನೇ ಎಣಿಕೆಯಲ್ಲೂ ಕೆಂಪುಲ್ ಬರಬೇಕಿತ್ತು. ಬಿಡುತ್ತಾರೆ. ದೊಡ್ಡ ಗಾಂಗ್‌ನ ನಾದ ಇನ್ನೂ ಹರಡುತ್ತಿರುತ್ತದಲ್ಲ, ಅದಕ್ಕೆ ಜಾಗ ಕೊಟ್ಟ ಹಾಗೆ. ಆ ಖಾಲಿ ಜಾಗಕ್ಕೂ ಒಂದು ಹೆಸರಿದೆ, ವೆಲಾ.

ಶ್ರುತಿಪೆಟ್ಟಿಗೆ

ಇದರಲ್ಲಿ ಹೊಸದೇನಿದೆ? ನಮ್ಮ ಮುಕ್ತಾಯವೂ ಸಮಕ್ಕೇ, ಅಂದರೆ ಆವರ್ತದ ಮೊದಲ ಪೆಟ್ಟಿಗೇ ಬಂದು ಬೀಳುತ್ತದೆ. ಕೊನೆಯೂ ಅದೇ, ಮೊದಲೂ ಅದೇ.

ಮೃದಂಗಪ್ರಿಯ

ಸರ್, ಇಲ್ಲಿ ನಾನು ಒಪ್ಪುವುದಿಲ್ಲ. ಮುಕ್ತಾಯ ಹಾಕಿದಾಗ ನಾವು ಸಮಕ್ಕೆ ಬಂದು ಇಳಿಯುತ್ತೇವೆ, ನಿಜ. ಆದರೆ ಅಲ್ಲಿಂದಲೇ ಮುಂದಿನ ಆವರ್ತ ಶುರು, ಕೈ ಮೊದಲ ತಟ್ಟು ತಟ್ಟುತ್ತದೆ. ಅಕ್ಕ ಹೇಳಿದ್ದನ್ನು ನೋಡಿದರೆ ಅವರಿಗೆ ಗಾಂಗ್ ಪೂರ್ಣವಿರಾಮ. ಮುಂದಿನ ಎಣಿಕೆಯಿಂದ ಹೊಸ ವಾಕ್ಯ. ಅರಮನೆಯಲ್ಲಿ ಗಾಂಗ್ ಬಿದ್ದಾಗೆಲ್ಲ ಎದೆ ಹಗುರ ಆಗುತ್ತಿತ್ತು. ಯಾಕೆ ಅಂತ ಈಗ ಅರ್ಥ ಆಯಿತು.

ಹಳೇಬೀಡು ಹುಡುಗ

ಎಲ್ಲಾ ಸರಿ. ಆದರೆ ಇವೆಲ್ಲ ನಮ್ಮಿಂದಲೇ ಹೋಗಿದ್ದು ಅಂತ ಯಾಕೆ ಯಾರೂ ಹೇಳುತ್ತಿಲ್ಲ? ರಾಮಾಯಣ, ಮಹಾಭಾರತ, ಬೊರೊಬುದುರ್, ಪ್ರಂಬಾನನ್, ಎಲ್ಲಾ ನಮ್ಮ ಸಂಸ್ಕೃತಿ. ಹಾಗಿದ್ದ ಮೇಲೆ ವಾದ್ಯವೂ ನಮ್ಮದೇ.

ತಾಮ್ರ ತವರ

ತಮ್ಮಾ, ಕತೆ ಹೋಗಿದೆ, ಮಾತು ಹೋಗಿದೆ. ಕಂಚು ಅಲ್ಲಿಯದೇ. ಬಾಲಿಯ ಪೆಜೆಂಗ್ ಊರಿನ ದೇವಸ್ಥಾನದಲ್ಲಿ ಒಂದು ಕಂಚಿನ ನಗಾರಿ ಇದೆ. ಎತ್ತರ 186 ಸೆಂಟಿಮೀಟರ್, ಆಳೆತ್ತರಕ್ಕೂ ಜಾಸ್ತಿ. ಆಕಾಶದಿಂದ ಬಿದ್ದ ಚಂದ್ರ ಅಂತ ಊರವರ ಕತೆ. ಅಂಥ ಕಂಚಿನ ನಗಾರಿಗಳು ವಿಯೆಟ್ನಾಮಿನ ದೋಂಗ್ ಸೋನ್ ಅನ್ನುವ ಪ್ರಾಚೀನ ಸಂಸ್ಕೃತಿಯ ಕಾಲದಿಂದಲೂ ಆ ಇಡೀ ಭಾಗದಲ್ಲಿ ಸಿಗುತ್ತವೆ. ಬೊರೊಬುದುರ್ ಕಟ್ಟುವುದಕ್ಕಿಂತ ಎಷ್ಟೋ ಶತಮಾನ ಹಿಂದಿನ ಕೆಲಸ ಅದು.

ಅಲೆಮಾರಿ

ಬೊರೊಬುದುರ್ ಶಿಲ್ಪಗಳನ್ನೇ ನೋಡಿ. 9ನೇ ಶತಮಾನದ್ದು. ವೀಣೆಯಂಥ ತಂತಿವಾದ್ಯ, ಕೊಳಲು, ಮದ್ದಳೆ, ಶಂಖ ಎಲ್ಲಾ ಕೆತ್ತಿದ್ದಾರೆ. ಈಗಿನ ಗಮೆಲಾನ್ ಸೆಟ್ ಅಲ್ಲಿ ಇಲ್ಲ. ಆ ವೀಣೆಗಳು ಈಗ ಜಾವಾದಲ್ಲಿ ಉಳಿದಿಲ್ಲ. ನಮ್ಮ ಕಡೆಯಿಂದ ಹೋದದ್ದು ಮರೆಯಾಯಿತು, ಅವರ ಲೋಹದ ನಾದ ಬೆಳೆಯಿತು. ಎಲ್ಲದಕ್ಕೂ "ನಮ್ಮದು" ಅಂತ ಚೀಟಿ ಅಂಟಿಸಿದರೆ ಅಲ್ಲಿಯ ಗಾಂಗ್ ಬಡಿಯುವವನ ಕೈಕೆಲಸ ನಮಗೆ ಕಾಣುವುದೇ ಇಲ್ಲ.

ಹಳೇಬೀಡು ಹುಡುಗ

ಕೀಳಾಗಿ ಹೇಳಲಿಲ್ಲ ಅಣ್ಣ. ಸಂಬಂಧ ಇದೆ ಅಂತ ಹೇಳಿದೆ.

ಬಂಡುಂಗ್ ಕನ್ನಡತಿ

ಸಂಬಂಧ ಇದ್ದೇ ಇದೆ. ಸ್ಲೆಂದ್ರೊದಲ್ಲಿ ಒಂದು ಪತೆತ್, ಅಂದರೆ ರಾಗದ ಹತ್ತಿರದ ಒಂದು ಕಲ್ಪನೆ, ಅದರ ಹೆಸರು ಮನ್ಯೂರ. ನಮ್ಮ ಮಯೂರ! ಬೊಂಬೆಯಾಟದ ರಾತ್ರಿಯಲ್ಲಿ ಮೊದಲ ಭಾಗಕ್ಕೆ ನೆಮ್, ನಡುರಾತ್ರಿಗೆ ಸಾಂಗ, ಬೆಳಗಿನ ಜಾವಕ್ಕೆ ಮನ್ಯೂರ.

ಕೊಪ್ಪಳದ ಗಾಳಿ

ಬೊಂಬೆಯಾಟದ ಮಾತು ಬಂತಲ್ಲ, ಇದಕ್ಕೇ ಕಾಯುತ್ತಿದ್ದೆ. ತೊಗಲುಬೊಂಬೆ ಆಡಿಸುವ ನಮ್ಮ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಜಾವಾದ ತೊಗಲುಬೊಂಬೆಯಾಟ ವಯಾಂಗ್ ಕುಲಿತ್ ಬಗ್ಗೆ ಹುಡುಕಿ ನೋಡಿದೆ. ಎಮ್ಮೆ ತೊಗಲಿನ ಬೊಂಬೆ. ಒಬ್ಬನೇ ದಾಲಂಗ್, ಅಂದರೆ ಬೊಂಬೆ ಆಡಿಸುವವನು, ಪರದೆ ಮುಂದೆ ಕೂತು ಅರ್ಜುನ, ಭೀಮ, ಎಲ್ಲರ ಮಾತನ್ನೂ ತಾನೇ ಆಡುತ್ತಾನೆ. ಕೈಯಲ್ಲಿ ಬೊಂಬೆ. ಕಾಲಿನಲ್ಲಿ ಲೋಹದ ತಗಡು ಒದ್ದು ಗಮೆಲಾನ್‌ಗೆ ಸೂಚನೆ. ರಾತ್ರಿ ಒಂಬತ್ತಕ್ಕೆ ಕೂತರೆ ಬೆಳಗಾಗುವವರೆಗೆ ಏಳುವುದಿಲ್ಲ. ನಮ್ಮಲ್ಲಿ ಮನೆಮಂದಿಯೆಲ್ಲ ಪರದೆ ಹಿಂದೆ ಕೂತು ಪಾತ್ರ ಹಂಚಿಕೊಳ್ಳುತ್ತಾರೆ, ಹೆಂಗಸರೂ ಹಾಡುತ್ತಾರೆ.

ನಮ್ಮ ಬೊಂಬೆಗೆ ಬಣ್ಣ ಹಾಕಿ ಬೆಳಕು ಹಾಯುವ ಹಾಗೆ ತೊಗಲು ಹದ ಮಾಡುತ್ತಾರೆ, ಪರದೆ ಮೇಲೆ ಬಣ್ಣವೇ ಕಾಣುತ್ತದೆ. ಅವರದ್ದು ಕೊರೆದ ಕಪ್ಪು ನೆರಳು. ಮತ್ತೆ ನಮ್ಮ ಆಟದಲ್ಲಿ ನಗಿಸಲು ಕಿಳ್ಳೇಕ್ಯಾತ, ಬಂಗಾರಕ್ಕ ಇದ್ದ ಹಾಗೆ ಅವರಿಗೆ ಸೆಮಾರ್ ಮತ್ತು ಅವನ ಮಕ್ಕಳು. ಮಹಾಭಾರತದಲ್ಲಿ ಇಲ್ಲದ ಪಾತ್ರಗಳು. ಊರಿನ ಮಾತನ್ನು ಅವರ ಬಾಯಲ್ಲೇ ಆಡಿಸುತ್ತಾರೆ.

ಕುಂದಾಪುರದವ

ಒಬ್ಬನೇ ರಾತ್ರಿಯಿಡೀ ಮಾತಾಡಿ, ಹಾಡಿ, ಬೊಂಬೆ ಆಡಿಸಿ, ಹಿಮ್ಮೇಳವನ್ನೂ ನಡೆಸುವುದಾ! ಅವರಿಗೆ ನಮಸ್ಕಾರ.

ರಂಗೂನಜ್ಜನ ಮೊಮ್ಮಗಳು

ಜಾವಾ ಆಯಿತು, ಬರ್ಮಾ ಕಡೆ ಬರೋಣ. ಮೃದಂಗದವರು ಶುರು ಮಾಡಿದ ಚರ್ಚೆ ಅಂತ ಇದನ್ನು ಹೇಳಲೇಬೇಕು.

ನಮ್ಮ ಅಜ್ಜ ರಂಗೂನಿನಲ್ಲಿ ಅಕ್ಕಿ ಗಿರಣಿಯ ಲೆಕ್ಕ ಬರೆಯುತ್ತಿದ್ದರು. 1942ರಲ್ಲಿ ಜಪಾನಿನವರು ಬಂದಾಗ ಎಲ್ಲಾ ಬಿಟ್ಟು ಅರಕಾನ್ ದಾರಿಯಲ್ಲಿ ನಡೆದು ಬಂದರು. ಆ ನಡಿಗೆಯ ಬಗ್ಗೆ ಅವರು ಮಾತೇ ಆಡುತ್ತಿರಲಿಲ್ಲ. ಆದರೆ ಪಗೋಡಾ ಜಾತ್ರೆಯ ರಾತ್ರಿಗಳ ಬಗ್ಗೆ ಕೇಳಿದರೆ ಸಾಕು, ಕಣ್ಣು ಅರಳುತ್ತಿತ್ತು. "ಡೋಲಿನ ಬೇಲಿ ಹಾಕಿಕೊಂಡು ಒಬ್ಬ ಮನುಷ್ಯ ಒಳಗೆ ಕೂತಿರುತ್ತಿದ್ದ, ಡೋಲಿನಲ್ಲೇ ಹಾಡು ಹೇಳುತ್ತಿದ್ದ" ಅನ್ನುತ್ತಿದ್ದರು. ನಾವು ಮಕ್ಕಳು ಕತೆ ಅಂದುಕೊಂಡಿದ್ದೆವು.

ದೊಡ್ಡವಳಾದ ಮೇಲೆ ವಿಡಿಯೊ ನೋಡಿದೆ. ಅಜ್ಜ ಹೇಳಿದ್ದೆಲ್ಲ ನಿಜ. ಪತ್ ವೈಂಗ್ ಅಂತ ಅದರ ಹೆಸರು. ಚಿನ್ನದ ಬಣ್ಣ, ಗಾಜಿನ ಚೂರು ಹಚ್ಚಿದ ಮರದ ದುಂಡು ಕಟ್ಟೆ. ಅದರ ಒಳಗೆ 21 ಡೋಲು ತೂಗುಹಾಕಿರುತ್ತಾರೆ, ದೊಡ್ಡದರಿಂದ ಬೆರಳುದ್ದದ ಚಿಕ್ಕದರವರೆಗೆ. ಪ್ರತಿಯೊಂದೂ ಒಂದೊಂದು ಸ್ವರ. ಶ್ರುತಿ ಮಾಡುವುದು ಹೇಗೆ ಗೊತ್ತಾ? ಬೇಯಿಸಿದ ಅನ್ನಕ್ಕೆ ಮರದ ಬೂದಿ ಕಲಸಿ ಮುಖದ ಮೇಲೆ ಮೆತ್ತುತ್ತಾರೆ! ಜಾಸ್ತಿ ಮೆತ್ತಿದರೆ ಸ್ವರ ಇಳಿಯುತ್ತದೆ. ಆಟ ಮುಗಿದ ಮೇಲೆ ತೆಗೆದು ಒರೆಸುತ್ತಾರೆ.

ಮೃದಂಗಪ್ರಿಯ

ಅಯ್ಯೋ, ಇದು ನಮ್ಮದೇ ಕೆಲಸ! ಕಛೇರಿಗೆ ಮುಂಚೆ ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತುತ್ತೇವೆ, ಮುಗಿದ ಮೇಲೆ ಕೆರೆದು ತೆಗೆಯುತ್ತೇವೆ. ಬಲಮುಖದ ಕರಣೆಗೂ ಅನ್ನದ ಅಂಟೇ ಬೇಕು. ನನಗೆ ಒಂದು ಮುಖ ಹದ ಮಾಡಲು ಹತ್ತು ನಿಮಿಷ. 21 ಡೋಲು! ಮಧ್ಯಾಹ್ನವೇ ಕೂರಬೇಕೇನೋ.

ಹಳೇಬೀಡು ಹುಡುಗ

ಇದಾದರೂ ನಮ್ಮ ಕಡೆಯ ವಿದ್ಯೆ ಅನ್ನಬಹುದಾ?

ಅಲೆಮಾರಿ

ಮುಖಕ್ಕೆ ಕಣಕ ಮೆತ್ತಿ ಶ್ರುತಿ ಮಾಡುವ ವಿದ್ಯೆಗೆ ಭಾರತದ ಸಂಬಂಧ ಇದೆ ಅಂತ ಹೇಳಿದರೆ ಜಗಳ ಇಲ್ಲ. ಅದನ್ನು 21 ಡೋಲಿನ ದುಂಡು ಮಾಡಿ ಹಾಡು ನುಡಿಸಿದ್ದು ಬರ್ಮಾದವರು.

ನಾನು 2018ರಲ್ಲಿ ಮಂಡಲೆಯಲ್ಲಿ ಎರಡು ವಾರ ಇದ್ದೆ. ಆಗಸ್ಟ್ ತಿಂಗಳು, ಹತ್ತಿರದ ತೌಂಗ್‌ಬ್ಯೋನ್ ಜಾತ್ರೆ. ನಾತ್ ಅಂದರೆ ಅವರ ದೈವಗಳು, ಒಟ್ಟು 37 ಅಂತ ಎಣಿಕೆ. ದೈವ ಮೈಮೇಲೆ ಬಂದು ಕುಣಿಯುವವರ ಹಿಂದೆ ಸೈಂಗ್ ವೈಂಗ್ ಮೇಳ. ಅಜ್ಜ ನೋಡಿದ ಪತ್ ವೈಂಗ್ ಈ ಮೇಳದ ನಡುಮಧ್ಯ. ಪಕ್ಕದಲ್ಲಿ ಕಂಚಿನ ಗಾಂಗ್‌ಗಳ ಇನ್ನೊಂದು ದುಂಡು, ಕೀ ವೈಂಗ್. ಹಲವು ಪ್ರಾಣಿಗಳ ಅಂಗ ಸೇರಿಸಿ ಮಾಡಿದ ಮೃಗವೊಂದರ ಆಕಾರದ ಕಂಬಕ್ಕೆ ನೇತುಹಾಕಿದ ದೊಡ್ಡ ಡೋಲು. ಸೀಳಿದ ಬಿದಿರಿನ ದೊಡ್ಡ ಚಿಟಿಕೆ. ಮತ್ತೆ ಹ್ನೆ. ಅದು ನಮ್ಮ ಮುಖವೀಣೆ, ನಾಗಸ್ವರದ ಬಳಗ. ಆದರೆ ತುದಿಯ ಲೋಹದ ಹೂವನ್ನು ಬಿಗಿಯಾಗಿ ಕೂರಿಸುವುದಿಲ್ಲ. ಸಡಿಲವಾಗಿ ಓರೆಗೆ ತೂಗಾಡುತ್ತದೆ. ಊದುವವನು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಉಸಿರು ಕಡಿಯದೆ ಊದುತ್ತಾನೆ.

ಗಮೆಲಾನ್ ಕೇಳಿ ಬಂದವರಿಗೆ ಇದು ಬೇರೆಯೇ ಲೋಕ. ಜಾವಾದಲ್ಲಿ ನಾದ ಹರಡಿ ನಿಲ್ಲುತ್ತದೆ. ಇಲ್ಲಿ ಥಟ್ಟನೆ ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ದಿಕ್ಕು ಬದಲಿಸುತ್ತದೆ. ನನಗೆ ಮೊದಲ ರಾತ್ರಿ ಗದ್ದಲ ಅನ್ನಿಸಿತ್ತು. ಮೂರನೇ ರಾತ್ರಿ ಹಾಡು ಕೇಳಿಸಲು ಶುರುವಾಯಿತು.

ಚಿಕ್ಕಿ

ಬರ್ಮಾ ಅಂದರೆ ದೋಣಿಯಂಥ ವೀಣೆ ಇದೆಯಲ್ಲ, ಅದರ ಹೆಸರು?

ಅಲೆಮಾರಿ

ಸೌಂಗ್ ಗೌಕ್. ಬಾಗಿದ ವೀಣೆ ಅಂತ ಅರ್ಥ. ಕೊನೆಯ ಕ್ ಗಂಟಲಲ್ಲೇ ನಿಲ್ಲುತ್ತದೆ, ಪತ್ ಅನ್ನುವುದರ ತ್ ಕೂಡ ಹಾಗೇ. ದೋಣಿಯಾಕಾರದ ಮರದ ಒಡಲು, ಮೇಲೆ ಜಿಂಕೆ ಚರ್ಮ, ಕೆಂಪು ಅರಗಿನ ಹೊಳಪು. ಬಾಗಿದ ಕತ್ತಿನ ತುದಿಯಲ್ಲಿ ಅರಳಿ ಎಲೆ ಕೆತ್ತಿರುತ್ತಾರೆ. ಆ ಕತ್ತಿಗೆ ತಾನಾಗಿಯೇ ಬಾಗಿ ಬೆಳೆದ ಕಾಚಿನ ಮರದ ಬೇರು ಹುಡುಕುತ್ತಾರೆ. ಈಗ 16 ತಂತಿ, ಹಿಂದೆ ರೇಷ್ಮೆ, ಈಗ ನೈಲಾನ್. ಹಳೆಯ ಪದ್ಧತಿಯಲ್ಲಿ ಬಿರಡೆ ಇಲ್ಲ. ಕೆಂಪು ಹತ್ತಿ ದಾರದ ಕುಚ್ಚುಗಳನ್ನು ತಿರುಗಿಸಿ ಶ್ರುತಿ ಮಾಡಬೇಕು. ಹಾಡುವವರು ಒಂದು ಕೈಯಲ್ಲಿ ಸೀ ಅನ್ನುವ ಪುಟ್ಟ ತಾಳ, ಇನ್ನೊಂದು ಕೈಯಲ್ಲಿ ವಾ ಅನ್ನುವ ಬಿದಿರಿನ ಚಿಟಿಕೆ ಹಿಡಿದು ತಾವೇ ಲಯ ಹಾಕಿಕೊಳ್ಳುತ್ತಾರೆ.

ಹೆಸರು ನೆನಪಿಡಬೇಕಾದ ಒಬ್ಬರು ಮ್ಯವಡ್ಡಿ ಮಿಂಜಿ ಊ ಸಾ, 1766ರಿಂದ 1853ರವರೆಗೆ ಬದುಕಿದ್ದ ಅರಮನೆ ಮಂತ್ರಿ. ವೀಣೆಗೆ ತಂತಿ ಸೇರಿಸಿ 13 ಮಾಡಿದವರು ಅವರೇ. 1767ರಲ್ಲಿ ಬರ್ಮಾದ ಸೈನ್ಯ ಸಯಾಮಿನ, ಅಂದರೆ ಈಗಿನ ಥೈಲ್ಯಾಂಡಿನ, ಅಯುತ್ಥಯ ರಾಜಧಾನಿ ಗೆದ್ದು ಅಲ್ಲಿಯ ಕಲಾವಿದರನ್ನು ಸೆರೆಹಿಡಿದು ತಂದಿತು. ಅವರ ಜೊತೆ ಬಂದ ಹಾಡುಗಳನ್ನು ಬರ್ಮೀಸ್‌ಗೆ ಹೊಂದಿಸಿದವರಲ್ಲಿ ಊ ಸಾ ಮುಖ್ಯರು. ಆ ಬಗೆಯ ಹಾಡುಗಳಿಗೆ ಇವತ್ತಿಗೂ ಯೊಡಯಾ ಅಂತ ಹೆಸರು.

ಹಳೇಬೀಡು ಹುಡುಗ

ಯೊಡಯಾ ಅಂದರೆ ಅಯೋಧ್ಯಾ!

ಅಲೆಮಾರಿ

ಹೌದು ತಮ್ಮಾ. ಅಯೋಧ್ಯೆ ಸಯಾಮಿನಲ್ಲಿ ಅಯುತ್ಥಯ ಆಯಿತು, ಬರ್ಮಾದಲ್ಲಿ ಯೊಡಯಾ ಆಯಿತು. ಇದನ್ನು ನಿನಗೆ ಸಂತೋಷವಾಗಿ ಬಿಟ್ಟುಕೊಡುತ್ತೇನೆ.

ಶ್ರುತಿಪೆಟ್ಟಿಗೆ

ಈ ವೀಣೆಯ ಬಗ್ಗೆ ನಾನೂ ಸ್ವಲ್ಪ ಓದಿದ್ದೇನೆ. ನಮ್ಮಲ್ಲಿ ಹಳೆಯ ಕಾಲದಲ್ಲಿ ವೀಣೆ ಅಂದರೆ ಇಂಥದ್ದೇ. 4ನೇ ಶತಮಾನದ ಸಮುದ್ರಗುಪ್ತನ ನಾಣ್ಯದಲ್ಲಿ ರಾಜ ತೊಡೆಯ ಮೇಲೆ ಇಟ್ಟುಕೊಂಡಿರುವುದು ಬಾಗಿದ ವೀಣೆ. ತಮಿಳರ ಯಾಳ್ ಕೂಡ ಅದೇ ಕುಟುಂಬ. ನಮ್ಮಲ್ಲಿ ಪೂರ್ತಿ ಕಳೆದುಹೋಯಿತು, ಬರ್ಮಾದವರು ಉಳಿಸಿಕೊಂಡರು. 802ರಲ್ಲಿ ಬರ್ಮಾದ ಪ್ಯೂ ರಾಜ್ಯದಿಂದ ಚೀನಾದ ತಾಂಗ್ ದೊರೆಯ ಆಸ್ಥಾನಕ್ಕೆ 35 ಸಂಗೀತಗಾರರು ಹೋಗಿದ್ದರು. ಅವರ ವಾದ್ಯಗಳಲ್ಲಿ ಇಂಥ ವೀಣೆ ಇತ್ತು ಅಂತ ಚೀನಾದ ದಾಖಲೆಯಲ್ಲಿದೆ.

ಕೊಪ್ಪಳದ ಗಾಳಿ

ಪೂರ್ತಿ ಕಳೆದುಹೋಗಿಲ್ಲ ಸರ್. ಮಧ್ಯಪ್ರದೇಶದ ಪರ್ಧಾನ್ ಜನರಲ್ಲಿ ಬೀನ್ ಬಾಜಾ ಅಂತ ಐದು ತಂತಿಯ ಬಾಗಿದ ವೀಣೆ ಉಳಿದಿದೆ. ಗೊಂಡರ ಕತೆಗಳನ್ನು ಹಾಡುವವರು ಅವರು. ದೊಡ್ಡ ವೇದಿಕೆಗೆ ಬರಲಿಲ್ಲ ಅಂದಮಾತ್ರಕ್ಕೆ ಸತ್ತುಹೋಯಿತು ಅಂತ ಬರೆಯಬೇಡಿ.

ಶ್ರುತಿಪೆಟ್ಟಿಗೆ

ತಪ್ಪಾಯಿತು. ತಿದ್ದಿದ್ದಕ್ಕೆ ಧನ್ಯವಾದ. ಇದು ನನಗೆ ಹೊಸ ವಿಷಯ.

ಸಿಂಗಪುರದ ಅಮ್ಮ

ತಡವಾಗಿ ಬಂದೆ. ಇಲ್ಲಿಯ ಶಾಲೆಯಲ್ಲಿ ನನ್ನ ಮಗಳು ಅಂಕ್ಲುಂಗ್ ನುಡಿಸುತ್ತಾಳೆ. ಬಿದಿರಿನ ಕೊಳವೆಗಳ ಚೌಕಟ್ಟು, ಅಲ್ಲಾಡಿಸಿದರೆ ಗಲಗಲ ಅಂತ ಸ್ವರ. ಒಬ್ಬರ ಕೈಯಲ್ಲಿ ಒಂದೋ ಎರಡೋ ಸ್ವರ ಮಾತ್ರ. ಹಾಗಾಗಿ ಒಬ್ಬಳು ಶಾಲೆಗೆ ರಜೆ ಹಾಕಿದರೆ ಇಡೀ ಹಾಡಿನಲ್ಲಿ ಆ ಸ್ವರವೇ ಇರುವುದಿಲ್ಲ! ಕಳೆದ ವರ್ಷ ಅವಳಿಗೆ ಜ್ವರ ಬಂದಾಗ "ನನ್ನ ಸ್ವರ ಯಾರು ನುಡಿಸ್ತಾರೆ?" ಅಂತ ಅತ್ತಳು.

ಬಂಡುಂಗ್ ಕನ್ನಡತಿ

ನಮ್ಮ ಊರಿನ ವಾದ್ಯ! ಮೊದಲು ಇದು ಪಶ್ಚಿಮ ಜಾವಾದ ಸುಂಡಾ ಜನರ ಭತ್ತದ ಪೂಜೆಯದ್ದು, ದೇವಿ ಶ್ರೀ ಅನ್ನುವ ಭತ್ತದ ದೇವತೆಗೆ. ಶಾಲಾ ಮೇಷ್ಟ್ರು ದಾಯೆಂಗ್ ಸುತಿಗ್ನ 1938ರಲ್ಲಿ ಇದನ್ನು ಪಾಶ್ಚಾತ್ಯ ಸ್ವರಕ್ಕೆ ಹೊಂದಿಸಿದರು. ಆಮೇಲೆ ಎಲ್ಲಾ ಕಡೆಯ ಶಾಲೆಗಳಿಗೂ ಹಬ್ಬಿತು. ಅವರ ಶಿಷ್ಯ ಉಜೊ ಙಲಗೆನ 1966ರಲ್ಲಿ ಬಂಡುಂಗ್‌ನಲ್ಲೇ ಕಟ್ಟಿದ ಕೇಂದ್ರದಲ್ಲಿ ಇವತ್ತಿಗೂ ಬಂದವರ ಕೈಗೆಲ್ಲ ಒಂದೊಂದು ಅಂಕ್ಲುಂಗ್ ಕೊಟ್ಟು ನುಡಿಸುತ್ತಾರೆ. ಯುನೆಸ್ಕೊ ಪಟ್ಟಿಗೆ ಅಂಕ್ಲುಂಗ್ ಸೇರಿದ್ದು 2010ರಲ್ಲಿ, ಗಮೆಲಾನ್ 2021ರಲ್ಲಿ. ಕಲಿಯುವ ಆಸೆ ಇರುವ ಯುವಕರು ದರ್ಮಸಿಸ್ವ ಅನ್ನುವ ಇಂಡೋನೇಷ್ಯಾ ಸರ್ಕಾರದ ವಿದ್ಯಾರ್ಥಿವೇತನ ನೋಡಿ. ಭಾಷೆ, ಸಂಗೀತ, ನೃತ್ಯ ಕಲಿಯಲು ಹೊರದೇಶದವರಿಗೆ ಕೊಡುತ್ತಾರೆ.

ಚಿಕ್ಕಿ

ದಂಗ್‌ದುತ್ ಅನ್ನುವ ಇಂಡೋನೇಷ್ಯಾದ ಜನಪ್ರಿಯ ಹಾಡುಗಳನ್ನು ಕೇಳಿದ್ದೀರಾ ಯಾರಾದರೂ? ಅದರಲ್ಲಿ ನಮ್ಮ ತಬಲಾ ಕೇಳಿಸುತ್ತದೆ!

ಬಂಡುಂಗ್ ಕನ್ನಡತಿ

ಕೇಳದೆ ಇರಲು ಆಗುತ್ತದಾ, ಬಸ್ಸಿನಲ್ಲೆಲ್ಲ ಅದೇ. ಹಳೆಯ ಹಿಂದಿ ಸಿನಿಮಾ ಹಾಡಿನ ಪ್ರಭಾವ ಜೋರಾಗಿದೆ. "ದಂಗ್, ದುತ್" ಅಂತ ಡೋಲಿನ ಸದ್ದಿನಿಂದಲೇ ಹೆಸರು. ಆದರೆ ಅದು ಇತ್ತೀಚಿನದು, ಈ ಚರ್ಚೆಗೆ ಸೇರುವುದಿಲ್ಲ.

ತಾಮ್ರ ತವರ

1977ರಲ್ಲಿ ಹಾರಿಸಿದ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನದ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆಯಲ್ಲ, ಅದೇ ತಟ್ಟೆಯಲ್ಲಿ ಜಾವಾ ಅರಮನೆಯ ಗಮೆಲಾನ್ ಕೂಡ ಇದೆ. ಹಾಡಿನ ಹೆಸರು ಪುಸ್ಪವರ್ನ. ಪುಷ್ಪವರ್ಣ! ಮೃದಂಗದವರೇ, ನೀವು ಹೋಗಿದ್ದ ಯೋಗ್ಯಕರ್ತದಲ್ಲೇ ಧ್ವನಿಮುದ್ರಣ ಆಗಿದ್ದು.

ರಂಗೂನಜ್ಜನ ಮೊಮ್ಮಗಳು

ಅಲೆಮಾರಿ ಅವರೇ, 2025ರ ಮಾರ್ಚ್ ಭೂಕಂಪದಲ್ಲಿ ಮಂಡಲೆಗೆ ತುಂಬಾ ಪೆಟ್ಟು ಬಿತ್ತು. ನೀವು ಭೇಟಿಯಾದ ಮೇಳದವರು ಹೇಗಿದ್ದಾರೆ?

ಅಲೆಮಾರಿ

ವೀಣೆ ಮಾಡುವ ಒಬ್ಬ ಹಿರಿಯರ ಮನೆಗೆ ಆಗ ಹೋಗಿದ್ದೆ. ಅವರ ಮಗನಿಂದ ಭೂಕಂಪದ ಎರಡು ತಿಂಗಳ ನಂತರ ಒಂದು ಫೋಟೊ ಬಂತು. ಗೋಡೆ ಬಿದ್ದಿದೆ. ಅಂಗಳದಲ್ಲಿ ಟಾರ್ಪಾಲಿನ್ ಕೆಳಗೆ ಅವರು ಕೂತು ವೀಣೆಯ ಒಡಲು ಕೆತ್ತುತ್ತಿದ್ದಾರೆ. ಅಷ್ಟೇ ತಿಳಿದದ್ದು. ದಿನಾ ನೆನಪಾಗುತ್ತಾರೆ.

ಮೃದಂಗಪ್ರಿಯ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಸಂಜೆ ಮನೆಯಲ್ಲಿ ಲಂಚಾರನ್ ಲೆಕ್ಕ ಪ್ರಯತ್ನ ಮಾಡಿದೆವು. ಸಾರೋನ್ ನನ್ನದು. ಅಣ್ಣನ ಮಗಳು ಸ್ಟೀಲ್ ಲೋಟದಲ್ಲಿ ಕೆತುಕ್, ಅತ್ತಿಗೆ ದೊಡ್ಡ ಪಾತ್ರೆಯಲ್ಲಿ ಕೆನೊಂಗ್. ಗಾಂಗ್‌ಗೆ ದೇವರ ಮನೆಯ ಜಾಗಟೆ, ಅಣ್ಣನ ಕೈಯಲ್ಲಿ. ಮೊದಲ ಹತ್ತು ಸಲವೂ ಅಣ್ಣ ಒಂದನೇ ಎಣಿಕೆಗೇ ಜಾಗಟೆ ಬಡಿದ. ಹನ್ನೊಂದನೇ ಸಲ ಹದಿನಾರಕ್ಕೆ ಬಿತ್ತು. ಅತ್ತಿಗೆ "ಹಾಂ!" ಅಂದರು. ಎರಡನೇ ಎಣಿಕೆಯ ಖಾಲಿ ಜಾಗ ನಮಗೆಲ್ಲ ಕೇಳಿಸಿತು.

ಆದರೆ ಜಾಗಟೆಯ ನಾದ ಆ ಗಾಂಗ್‌ನ ಹಾಗೆ ಒಂದೇ ಸ್ವರವಾಗಿ ನಿಲ್ಲುವುದಿಲ್ಲ, ಒಡೆದುಹೋಗುತ್ತದೆ. ಯಾಕೆ?

ತಾಮ್ರ ತವರ

ಜಾಗಟೆ ಚಪ್ಪಟೆ. ಅವರ ಗಾಂಗ್‌ಗೆ ನಡುವೆ ಉಬ್ಬು, ಅಂಚು ಒಳಗೆ ಮಡಚಿರುತ್ತದೆ. ಉಬ್ಬಿನ ಮೇಲೆ ಬಡಿದರೇ ಒಂದು ಸ್ವರ ಗಟ್ಟಿಯಾಗಿ ನಿಲ್ಲುವುದು. ಸದ್ಯಕ್ಕೆ ಕೋಲಿನ ತುದಿಗೆ ದಪ್ಪಗೆ ಬಟ್ಟೆ ಸುತ್ತಿ, ಜಾಗಟೆಯ ನಡುಭಾಗಕ್ಕೆ ಮೆಲ್ಲಗೆ ಬಡಿದು ನೋಡಿ.

ಮೃದಂಗಪ್ರಿಯ

ಅಣ್ಣ ಆಗಲೇ ಹಳೇ ಪಂಚೆ ಹರಿಯುತ್ತಿದ್ದಾನೆ. ರಾತ್ರಿ ಬರೆಯುತ್ತೇನೆ.